ಬುದ್ಧಿ ಎರಡು ಕಡಿಮೆ

ಮಲೆನಾಡಿನಲ್ಲಿ ಗ್ರಂಥಾಲಯ ನೋಡಿಕೊಳ್ಳುವವರಿಗೆ ಬೂಷ್ಟಿನ ವಾಸನೆ ಹೊಸದಲ್ಲ. ಅದು ಮೂಗಿಗೆ ಬಡಿಯುವುದೇ ಇಲ್ಲ. ಆದರೆ ಮೊನ್ನೆ, ಶೃಂಗೇರಿ ಕಡೆಯ ನನ್ನ ಈಗಿನ ಗ್ರಂಥಾಲಯದಲ್ಲಿ, ಅಪರೂಪಕ್ಕೆ ಬಿಸಿಲು ಬಂತೆಂದು ಕಪಾಟಿನ ಪುಸ್ತಕಗಳನ್ನೆಲ್ಲ ಜಗುಲಿಗೆ ತಂದು ಹರಡುತ್ತಿದ್ದಾಗ, ಹಕ್ಕಿಗಳ ಮೇಲಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೈಗೆ ಬಂತು. ನುಣುಪು ಹಾಳೆ. ಒಂದಕ್ಕೊಂದು ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸಿದಾಗ ಬೂಷ್ಟೂ ಬಣ್ಣದ ಶಾಯಿಯೂ ಸೇರಿದ ಒಂದು ವಾಸನೆ ಎದ್ದಿತು. ಅಷ್ಟಕ್ಕೇ ನಾನು ಬಿಸಿಲಿನಲ್ಲೇ ಕೂತುಬಿಟ್ಟೆ. ಅದೇ ವಾಸನೆಯ ಇನ್ನೊಂದು ಪುಸ್ತಕ ನನ್ನ ಒಂದು ಇಡೀ ವರ್ಷವನ್ನು ತಿಂದಿತ್ತು. ಆ ವರ್ಷದ ಬಗ್ಗೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ಅದಾಗಿ ನಾಲ್ಕು ವರ್ಷವಾಯಿತು. ಊರಿನ ಹೆಸರು ಹೇಳುವುದಿಲ್ಲ. ಕೊಪ್ಪದಿಂದ ನರಸಿಂಹರಾಜಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಊರುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಅಲ್ಲಿನ ಗ್ರಂಥಾಲಯದ ಮೇಲ್ವಿಚಾರಕರು ಕಾಯಿಲೆಯಾಗಿ ದೀರ್ಘ ರಜೆಯಲ್ಲಿದ್ದರು. ಅವರು ಬರುವವರೆಗೆ ಎಂದು ಶೃಂಗೇರಿ ಕಡೆಯ ಬೇಗಾರಿನವಳಾದ ನನ್ನನ್ನು ಅಲ್ಲಿಗೆ ಹಾಕಿದರು. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದು ಕೋಣೆ, ನಾಲ್ಕು ಕಪಾಟು, ನಡುವೆ ಒಂದು ಉದ್ದನೆಯ ಮೇಜು. ಬೆಳಿಗ್ಗೆ ಪೇಪರ್ ಓದಲು ಐದಾರು ಜನ ಗಂಡಸರು. ಮಧ್ಯಾಹ್ನದ ಮೇಲೆ ನೊಣವೂ ಇಲ್ಲ.

ಜುಲೈಯಲ್ಲಿ ಹತ್ತಿರದ ಒಂದು ಎಸ್ಟೇಟ್ ಬಂಗಲೆ ಕೈ ಬದಲಾಯಿತು. ಮನೆ ಖಾಲಿ ಮಾಡಿದವರು ಮೂರು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕಗಳನ್ನು ಜೀಪಿನಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋದರು. ಪತ್ತೇದಾರಿ ಕಾದಂಬರಿಗಳು, ಗುಲಾಬಿ ಬೆಳೆಸುವ ಪುಸ್ತಕಗಳು, ಅಡುಗೆ. ಮೂರನೆಯ ಪೆಟ್ಟಿಗೆಯ ತಳದಲ್ಲಿ ಅದು ಇತ್ತು. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ರಟ್ಟಿನ ಮೇಲೆ ಬೆಂಕಿ ಉಗುಳುವ ರೆಕ್ಕೆಯ ಮೃಗ, ಅದರೆದುರು ಕತ್ತಿ ಹಿಡಿದ ಒಬ್ಬ ಹೆಂಗಸು. ನನ್ನ ಕಣ್ಣು ನಿಂತದ್ದು ಆ ಹೆಂಗಸಿನ ಮೇಲೆ. ಅವಳು ಚೀರುತ್ತಿರಲಿಲ್ಲ. ನೆಲ ಗುಡಿಸುವಾಗ ಅಡ್ಡ ಬಂದ ಕೋಳಿಯನ್ನು ನೋಡುವ ಹಾಗೆ ಆ ಮೃಗವನ್ನು ನೋಡುತ್ತಿದ್ದಳು.

ಕಥೆ ಪುಸ್ತಕವೆಂದುಕೊಂಡು ತೆರೆದೆ. ಕಥೆ ಎಲ್ಲಿದೆ ಎಂದು ಹುಡುಕಿದೆ. ಕಥೆ ಇರಲಿಲ್ಲ. ಬರೀ ಪಟ್ಟಿಗಳು. ಐವತ್ತು ಅಡಿ ಹಗ್ಗದ ತೂಕ ಎಷ್ಟು, ಒಂದು ದೀವಟಿಗೆ ಎಷ್ಟು ಹೊತ್ತು ಉರಿಯುತ್ತದೆ, ಒಬ್ಬ ಮನುಷ್ಯ ಎಷ್ಟು ದಿನದ ಬುತ್ತಿ ಹೊತ್ತು ನಡೆಯಬಹುದು, ಎಷ್ಟು ಅಡಿ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟು. ನಡುನಡುವೆ ಮಂತ್ರಗಳು. ಅವಕ್ಕೂ ಪಟ್ಟಿ. ಮದುವೆ ಮನೆಯ ಸಾಮಾನಿನ ಚೀಟಿಯನ್ನು ಯಾರೋ ಮುನ್ನೂರು ಪುಟ ಬರೆದು, ಚಿತ್ರ ಹಾಕಿ, ಹೊಲಿದ ಹಾಗಿತ್ತು. ಪುಸ್ತಕದ ಜೊತೆ ಬಟ್ಟೆಯ ಒಂದು ಚೀಲ. ಅದರಲ್ಲಿ ಏಳು ದಾಳಗಳು. ಒಂದಕ್ಕೆ ನಾಲ್ಕು ಮುಖ, ಒಂದಕ್ಕೆ ಎಂಟು, ಎಲ್ಲಕ್ಕಿಂತ ದುಂಡಗಿನದಕ್ಕೆ ಇಪ್ಪತ್ತು.

ಮೊದಲ ಅಭಿಪ್ರಾಯ ಕೇಳಿದರೆ, ನನಗೆ ಸಿಟ್ಟು ಬಂದಿತ್ತು. ಇಷ್ಟು ದಪ್ಪ ಪುಸ್ತಕ ಓದಿ ಆಡಬೇಕಾದ ಆಟ ಯಾವ ಸೀಮೆಯ ಆಟ? ಅದಕ್ಕೆ ಮಣೆಯಿಲ್ಲ, ಕಾಯಿಯಿಲ್ಲ, ಗೆಲ್ಲುವವರೂ ಇಲ್ಲ. ಹಾಗಂತ ಮುನ್ನುಡಿಯಲ್ಲೇ ಬರೆದಿತ್ತು. ಒಬ್ಬರು ಸನ್ನಿವೇಶ ಹೇಳಬೇಕು, ಉಳಿದವರು ತಾವು ಏನು ಮಾಡುತ್ತೇವೆಂದು ಹೇಳಬೇಕು, ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಬೇಕು. ಅಷ್ಟೇ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ವಾರ ಮಧ್ಯಾಹ್ನಗಳಲ್ಲಿ ಓದಿದೆ. ಸಿಟ್ಟಿನಿಂದಲೇ ಓದಿದೆ. ಯಾವಾಗಲೋ ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಕನ್ನಡಕ್ಕೆ ಇಳಿಸಲು ಶುರು ಮಾಡಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿಯರು ಮಳೆ ಬಂದರೆ ನಮ್ಮಲ್ಲಿಗೆ ಓಡಿ ಬರುತ್ತಿದ್ದರು. ಅವರಲ್ಲಿ ಒಬ್ಬಳು ಅಶ್ವಿನಿ. ಒಂಬತ್ತನೆಯ ತರಗತಿ. ಮನೆ ಕಾಲೋನಿಯಲ್ಲಿ. ಅವಳ ಅಪ್ಪ ಕೊನೆಗಾರ. ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಹಿಂದಿನ ಕೊಯ್ಲಿನಲ್ಲಿ ಮರದಿಂದ ಬಿದ್ದು, ಆಗ ಊರುಗೋಲಿನ ಮೇಲೆ ಓಡಾಡುತ್ತಿದ್ದರು. ಅಮ್ಮ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮೇಜಿನ ಮೇಲಿನ ದಾಳ ನೋಡಿ ಇದು ಎಂತ ಎಂದು ಮೊದಲು ಕೇಳಿದವಳು ಅವಳೇ. ನಾನು ಹೇಳಿದೆ. ಮುಂದಿನ ಶನಿವಾರ ಅವಳು ತನ್ನ ತರಗತಿಯ ಸಿಂಚನಾಳನ್ನು ಎಳೆದುಕೊಂಡು ಬಂದಳು. ಸಿಂಚನಾಳ ಮನೆಯವರಿಗೆ ಊರಿನಲ್ಲೇ ದೊಡ್ಡ ತೋಟ. ಅವಳ ಚಿಕ್ಕಪ್ಪ ನಾಗೇಶಣ್ಣ ಪಂಚಾಯಿತಿ ಸದಸ್ಯರು. ಮೂರನೆಯವರು ಗುಲಾಬಕ್ಕ. ಅರವತ್ತರ ಹತ್ತಿರದ ಹೆಂಗಸು, ನಲವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರು, ವಾರಪತ್ರಿಕೆಯ ಧಾರಾವಾಹಿ ಓದಲು ತಪ್ಪದೆ ಬರುತ್ತಿದ್ದವರು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವರು ಒಂದು ದಿನ ಪತ್ರಿಕೆ ಮಡಚಿಟ್ಟು, ತಾನೂ ಸೇರಬಹುದೋ ಎಂದು ಕೇಳಿದರು. ಯಾವ ಪಾತ್ರ ಬೇಕು ಗುಲಾಬಕ್ಕ ಎಂದೆ. ಸೈನಿಕ, ಮಾಂತ್ರಿಕ, ವೈದ್ಯ, ಕಳ್ಳ ಎಲ್ಲ ಇದ್ದರು.

"ಕಳ್ಳಿ ಮಾಡು ಮಾರಾಯ್ತಿ," ಎಂದರು. "ಇಷ್ಟು ವರ್ಷ ನಿಯತ್ತಾಗಿದ್ದು ಸಾಕು."

ಹಾಗೆ ಆಟ ಶುರುವಾಯಿತು. ಸನ್ನಿವೇಶ ಹೇಳುವವಳು ನಾನು. ಒಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಅದರೊಳಗೆ ಸೆರೆಯಾಗಿರುವ ಒಬ್ಬ ಮುದುಕಿ. ಗುಲಾಬಕ್ಕನ ಕಳ್ಳಿ ಎರಡನೆಯ ವಾರವೇ ಕಾವಲುಗಾರನ ಬೀಗದಕೈ ಹಾರಿಸಿದಳು. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯ ಬಸ್ಸಿನವರೆಗೆ ಆ ಕೋಣೆಯಲ್ಲಿ ಹೊರಗಿನ ಮಳೆಯೂ ಕೇಳುತ್ತಿರಲಿಲ್ಲ. ಗುಲಾಬಕ್ಕ ಸೆರಗಿನಲ್ಲಿ ಕಟ್ಟಿ ತಂದ ಚಕ್ಕುಲಿಯನ್ನು ಒಂದೇ ತಟ್ಟೆಗೆ ಸುರಿಯುತ್ತಿದ್ದರು.

ಮೂರನೆಯ ವಾರ ಅಶ್ವಿನಿಯ ಸೈನಿಕೆ ಕೋಟೆಯ ಗೋಡೆಯಿಂದ ಜಾರಿ ಬಿದ್ದಳು. ನಾನು ನೋಟ್‌ಬುಕ್ ತೆರೆದು ನಿಯಮ ಓದಿದೆ. ಹತ್ತು ಅಡಿಗೆ ಒಂದು ದಾಳದಷ್ಟು ಪೆಟ್ಟು. ಆದರೆ ಎಷ್ಟೇ ಪೆಟ್ಟಾದರೂ ಒಂದು ರಾತ್ರಿ ನಿದ್ದೆ ಮಾಡಿದರೆ ಬೆಳಿಗ್ಗೆ ಎಲ್ಲ ವಾಸಿ. ಅಶ್ವಿನಿ ನಕ್ಕಳು. ಕೋಪದ ನಗುವಲ್ಲ. ಇದನ್ನು ಬರೆದವರು ಮರದಿಂದ ಬಿದ್ದವರನ್ನು ನೋಡಿಯೇ ಇಲ್ಲ ಎಂದಳು. ಅವಳ ಅಪ್ಪ ಬಿದ್ದದ್ದು ಮೂವತ್ತು ಅಡಿಯಿಂದ. ಗುಲಾಬಕ್ಕ, ಹಾಗಾದರೆ ನೀನೇ ಹೇಳು ಎಷ್ಟು ದಿನ ಎಂದರು. ಮೂಳೆ ಕೂಡಲು ಮೂರು ತಿಂಗಳು, ಅಷ್ಟು ದಿನವೂ ಗುಂಪಿನಲ್ಲಿ ಒಬ್ಬರು ಪಕ್ಕದಲ್ಲೇ ಇರಬೇಕು ಎಂದು ಅಶ್ವಿನಿ ಹೇಳಿದಳು. ನಾನು ನೋಟ್‌ಬುಕ್ಕಿನಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದೆ. ಪುಸ್ತಕದ ಒಂದು ನಿಯಮವನ್ನು ನಾವು ಬದಲಾಯಿಸಿದ್ದು ಅದೇ ಮೊದಲು. ಮುಂದಿನ ಶನಿವಾರವೆಲ್ಲ ಸಿಂಚನಾಳ ವೈದ್ಯೆ ಗೋಡೆಯ ಬುಡದಲ್ಲಿ ಕೂತು ಅಶ್ವಿನಿಯ ಸೈನಿಕೆಗೆ ಗಂಜಿ ಕಾಯಿಸಿದಳು.

ನಾನು ಮಾಡಿದ ತಪ್ಪು ಹೊರಬಿದ್ದದ್ದು ಆಗಸ್ಟ್ ಕೊನೆಯಲ್ಲಿ. ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ಅದರ ಪ್ರಕಾರ ಆ ಲೋಕದ ಜನರೆಲ್ಲ ಬೇರೆಬೇರೆ ಕುಲದವರು. ಒಂದು ಕುಲದವರು ಹುಟ್ಟಾ ಜಾಣರು, ನೂರಾರು ವರ್ಷ ಬದುಕುವವರು, ನೋಡಲು ಚಂದ. ಇನ್ನೊಂದು ಕುಲದವರು ಗಿಡ್ಡ, ಗಟ್ಟಿ ಮೈ. ಮತ್ತೊಂದು ಕುಲದವರು ಹಸಿರು ಮೈಯವರು, ಕಾಡಿನಂಚಿನಲ್ಲಿರುವವರು, ಹುಟ್ಟುತ್ತಲೇ ಸಿಡುಕರು. ಅವರಿಗೆ ಬಲ ಎರಡು ಹೆಚ್ಚು, ಬುದ್ಧಿ ಎರಡು ಕಡಿಮೆ. ನಾನು ಇದನ್ನೆಲ್ಲ ಕನ್ನಡಕ್ಕೆ ಇಳಿಸುವಾಗ ಮೇಲೆ ತಲೆಬರಹ ಕೊಟ್ಟಿದ್ದೆ: ಜಾತಿ. ಎರಡು ಸಲ ಯೋಚನೆಯನ್ನೂ ಮಾಡಲಿಲ್ಲ. ಸುಲಭವಾಗಿ ಸಿಕ್ಕಿದ ಪದ ಅದು.

ಅಶ್ವಿನಿ ತನ್ನ ಪಾತ್ರಕ್ಕೆ ಇನ್ನಷ್ಟು ಬಲ ಬೇಕೆಂದು ನೋಟ್‌ಬುಕ್ ತಿರುವುತ್ತಿದ್ದಳು. ಆ ಪುಟದಲ್ಲಿ ಅವಳ ಬೆರಳು ನಿಂತಿತು.

"ಇವ್ರಿಗೆ ಹುಟ್ಟೋಕಿಂತ ಮೊದ್ಲೇ ಬುದ್ಧಿ ಕಡಿಮೆ ಮಾಡಿಬಿಡ್ತಾರಾ ಮೇಡಂ?"

ಅದು ಬರೀ ಆಟ ಅಶ್ವಿನಿ ಎಂದು ನಾನು ಹೇಳಿದೆ. ಹೇಳುತ್ತಿದ್ದ ಹಾಗೇ ನನ್ನ ಮಾತು ನನಗೇ ಕೇಳಿಸಿತು.

"ಆಟದಲ್ಲೂ ಬೇಕಾ?" ಎಂದಳು.

ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿ, ಕೊಡೆ ತೆಗೆದುಕೊಂಡು ಹೊರಟಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವಳು ತಂಗುದಾಣದಲ್ಲಿ ಒಬ್ಬಳೇ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಹೋಗಿ ಕರೆಯಲು ನನಗೆ ಮುಖವಿರಲಿಲ್ಲ. ಸಿಂಚನಾ, ಅವಳಿಗೆ ಎಂತ ಆಯ್ತು, ರೂಲ್ಸು ರೂಲ್ಸೇ ಅಲ್ಲವಾ ಎಂದು ಕೇಳಿದಳು. ಗುಲಾಬಕ್ಕ ತಟ್ಟೆಯಲ್ಲಿದ್ದ ಅಶ್ವಿನಿಯ ಪಾಲಿನ ಚಕ್ಕುಲಿಯನ್ನು ಕಾಗದದಲ್ಲಿ ಕಟ್ಟಿ, ಕೊಡೆ ಬಿಚ್ಚಿ, ರಸ್ತೆ ದಾಟಿ ಹೋಗಿ ಕೊಟ್ಟು ಬಂದರು.

ಎರಡು ಶನಿವಾರ ಅವಳು ಬರಲಿಲ್ಲ. ಮೂರನೆಯ ಶನಿವಾರ ಬಂದವಳು ಕೂರಲೂ ಇಲ್ಲ. ಲೆಕ್ಕದ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆಯನ್ನು ಮೇಜಿನ ಮೇಲಿಟ್ಟಳು. ಅವಳು ಆ ಅಧ್ಯಾಯವನ್ನು ಪೂರ್ತಿ ತಿದ್ದಿ ಬರೆದಿದ್ದಳು. ಹುಟ್ಟಿನಿಂದ ಯಾರಿಗೂ ಏನೂ ಹೆಚ್ಚಿಲ್ಲ, ಏನೂ ಕಡಿಮೆಯಿಲ್ಲ. ಯಾರು ಯಾವ ಕೆಲಸ ಮಾಡಿ ಬೆಳೆದರೋ ಅದರಿಂದ ಹೆಚ್ಚುವುದು. ಮರ ಹತ್ತಿದವರಿಗೆ ಚುರುಕು ಎರಡು ಹೆಚ್ಚು. ಸೌದೆ ಹೊತ್ತವರಿಗೆ ಬಲ. ತಮ್ಮ ತಂಗಿಯರನ್ನು ಸಾಕಿದವರಿಗೆ ತಾಳ್ಮೆ. ಕೆಳಗೆ ಒಂದು ಸಾಲು: ಕಡಿಮೆ ಎಂಬ ಮಾತು ಈ ಪಟ್ಟಿಯಲ್ಲಿ ಎಲ್ಲೂ ಬರಬಾರದು. ನಿಯಮ ನಿಮಗೆ ಒಗ್ಗದಿದ್ದರೆ ಬದಲಾಯಿಸಿಕೊಳ್ಳಿ ಎಂದು ಪುಸ್ತಕದ ಮುನ್ನುಡಿಯಲ್ಲೇ ಇದೆಯಲ್ಲ, ನೀವೇ ಓದಿ ಹೇಳಿದ್ದಿರಿ ಎಂದು ನನಗೇ ನೆನಪಿಸಿದಳು.

ನಾನು ನನ್ನ ನೋಟ್‌ಬುಕ್ಕಿನ ಆ ನಾಲ್ಕು ಪುಟಗಳನ್ನು ಅವರೆಲ್ಲರ ಎದುರಿಗೇ ಕಿತ್ತುಹಾಕಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

ಎಲ್ಲರೂ ಹೊಸದಾಗಿ ಪಾತ್ರ ಬರೆದುಕೊಂಡರು. ಗುಲಾಬಕ್ಕ ನಲವತ್ತು ವರ್ಷದ ಸುಲಿತಕ್ಕೆ ಕೈಚಳಕ ಎರಡು ಹೆಚ್ಚು ಹಾಕಿಕೊಂಡರು, ಅದು ಸಾಲದೆಂದು ಜಗಳವಾಡಿ ಮೂರು ಮಾಡಿಸಿಕೊಂಡರು. ಸಿಂಚನಾ ಮಾತ್ರ ಪೆನ್ನು ಕಚ್ಚುತ್ತ ಕೂತೇ ಇದ್ದಳು. ತಾನು ಎಂತ ಕೆಲಸ ಮಾಡಿದ್ದೇನೆಂದು ಅವಳಿಗೆ ಹೊಳೆಯಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಕಡೆಗೆ ಅವಳು ನಿಧಾನಕ್ಕೆ ಹೇಳಿದಳು: "ಮನೇಲಿ ಟ್ಯೂಶನ್ ಅಂತ ಸುಳ್ಳು ಹೇಳಿ ಬರ್ತೀನಿ. ಎರಡು ತಿಂಗಳಾಯ್ತು. ಒಂದ್ಸಲನೂ ಸಿಕ್ಕಿಬಿದ್ದಿಲ್ಲ." ಅಶ್ವಿನಿ ಅವಳ ಹಾಳೆ ಎಳೆದುಕೊಂಡು, ಮಾತಿನ ಜಾಣ್ಮೆ ಎರಡು ಹೆಚ್ಚು ಎಂದು ಬರೆದುಕೊಟ್ಟಳು.

ಸಿಕ್ಕಿಬಿದ್ದದ್ದು ಅಕ್ಟೋಬರಿನಲ್ಲಿ. ಅಭ್ಯಾಸ ಮಾಡಲೆಂದು ದಾಳದ ಚೀಲವನ್ನು ಸಿಂಚನಾ ಮನೆಗೆ ಒಯ್ದಿದ್ದಳು. ಅದು ಬ್ಯಾಗಿನಿಂದ ಅವಳ ಅಜ್ಜಿಯ ಎದುರಿಗೇ ಉದುರಿತು. ಸೋಮವಾರ ಹತ್ತು ಗಂಟೆಗೆ ನಾಗೇಶಣ್ಣ ಆ ಚೀಲ ಹಿಡಿದು ಗ್ರಂಥಾಲಯಕ್ಕೆ ಬಂದರು. ಕೂಗಾಡುವ ಜಾತಿಯ ಮನುಷ್ಯ ಅಲ್ಲ ಅವರು. ಕೂತು, ಪೇಪರ್ ತಿರುವಿ, ಮಳೆ ಹಿಡಿಯಿತಲ್ಲ ಎಂದು ಮಾತಾಡಿ, ಆಮೇಲೆ ವಿಷಯಕ್ಕೆ ಬಂದರು. ಮಕ್ಕಳ ಕೈಗೆ ದಾಳ ಕೊಡುವುದು ಜೂಜು ಕಲಿಸಿದ ಹಾಗೆ. ರಾಕ್ಷಸರ ಚಿತ್ರದ ಪುಸ್ತಕ ಪರೀಕ್ಷೆಗೆ ಬರುವುದಿಲ್ಲ. ಗ್ರಂಥಾಲಯ ಇರುವುದು ಜ್ಞಾನಕ್ಕೆ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ದುಡ್ಡು ಕಟ್ಟದೆ ಜೂಜು ಹೇಗಾಗುತ್ತದೆ ಎಂದೆ. ಇಂಗ್ಲಿಷ್ ಕಂಡರೆ ಓಡುತ್ತಿದ್ದ ಹುಡುಗಿಯರು ಈಗ ಡಿಕ್ಷನರಿ ಹಿಡಿದು ಕೂರುತ್ತಾರೆ ಎಂದೆ. ಆಗ ಅವರು ದನಿ ತಗ್ಗಿಸಿ, ನಿಜವಾಗಿ ಹೇಳಬೇಕೆಂದಿದ್ದನ್ನು ಹೇಳಿದರು.

"ನಮ್ಮನೆ ಹುಡುಗಿ ಯಾರ ಜೊತೆ ಕೂರ್ತಾಳೆ, ಯಾರ ತಟ್ಟೇಲಿ ತಿಂತಾಳೆ ಅಂತನೂ ನಾವು ನೋಡ್ಬೇಕಲ್ಲ ಮೇಡಂ. ನೀವೂ ಒಳ್ಳೆ ಮನೆಯವ್ರು. ನಿಮ್ಗೆ ನಾನು ಬಿಡಿಸಿ ಹೇಳ್ಬೇಕಾ?"

"ಬಿಡಿಸೇ ಹೇಳಿ," ಎಂದೆ. "ಹೇಳೋದಷ್ಟೇ ಅಲ್ಲ, ಬರೆದೂ ಕೊಡಿ. ಇಂಥವರ ಜೊತೆ ಇಂಥವರು ಕೂರಬಾರದು ಅಂತ ಪಂಚಾಯಿತಿ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಹಾಕಿ ಕೊಡಿ. ಬಾಗಿಲಿಗೆ ಅಂಟಿಸ್ತೀನಿ."

ಅವರು ಎದ್ದರು. ದಾಳದ ಚೀಲವನ್ನು ಜೇಬಿಗೆ ಹಾಕಿಕೊಂಡು ಹೋದರು. ಅದು ಮತ್ತೆ ನಮಗೆ ಸಿಗಲಿಲ್ಲ. ಬರಹದಲ್ಲಿ ಏನೂ ಬರಲಿಲ್ಲ. ನಾನು ಅಂದಿನ ಪೇಪರಿಗೆ ಸೀಲು ಹಾಕಲು ಹೋಗಿ ಮೇಜಿಗೆ ಹಾಕಿದೆ.

ದಾಳ ಬೇಡ ಎಂದರಲ್ಲ, ನಾವು ದಾಳ ಬಿಟ್ಟೆವು. ಅಶ್ವಿನಿ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಗಾಜಿನ ಬಾಟಲಿಗೆ ಹಾಕಿದಳು. ಕುಲುಕಿ ತೆಗೆದರೆ ಆಯಿತು. ಆಟ ಒಂದು ಶನಿವಾರವೂ ನಿಲ್ಲಲಿಲ್ಲ. ಆದರೆ ಸಿಂಚನಾ ಬರುವುದು ನಿಂತಿತು. ಶಾಲೆ ಬಿಡುವ ಹೊತ್ತಿಗೆ ಅವರ ಮನೆಯ ಕಾರು ಗೇಟಿನಲ್ಲಿ ನಿಂತಿರುತ್ತಿತ್ತು. ಅವಳ ಜಾಗಕ್ಕೆ ಕಾಲೋನಿಯ ಇನ್ನಿಬ್ಬರು ಹುಡುಗಿಯರು ಬಂದರೂ ಅಶ್ವಿನಿ ಆ ವೈದ್ಯೆಯ ಹಾಳೆಯನ್ನು ಯಾರಿಗೂ ಕೊಡಲಿಲ್ಲ. ಕೋಟೆಯ ಬಾಗಿಲಲ್ಲಿ ಗಾಯಾಳುಗಳನ್ನು ನೋಡಿಕೊಂಡು ಇದ್ದಾಳೆ, ಅಲ್ಲೇ ಇರಲಿ ಎಂದಳು.

ಎರಡು ವಾರ ಕಳೆದ ಮೇಲೆ ಹೊಸದೊಂದು ಏರ್ಪಾಟಾಯಿತು. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಕೋಣೆ ಸದಸ್ಯರ ಸಭೆಗೆ ಬೇಕು, ಬೀಗದಕೈ ಕಚೇರಿಯಲ್ಲಿ ಕೊಟ್ಟು ಹೋಗಿ ಎಂದು ಪಂಚಾಯಿತಿಯವರು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ನಾವು ಬಾಟಲಿ, ನೋಟ್‌ಬುಕ್, ಆ ಭಾರದ ಪುಸ್ತಕ ಎಲ್ಲ ಹೊತ್ತುಕೊಂಡು ರಸ್ತೆಯಾಚೆಯ ಬಸ್ ತಂಗುದಾಣಕ್ಕೆ ಹೋದೆವು. ಕಲ್ಲು ಬೆಂಚಿನ ಮೇಲೆ ಆಟ. ಬಸ್ಸಿಗೆ ಕಾಯುವವರು ಸುತ್ತ ನಿಂತು ನೋಡುತ್ತಿದ್ದರು. ಎನ್.ಆರ್.ಪುರದ ಬಸ್ಸಿನ ಕಂಡಕ್ಟರ್ ಎರಡು ವಾರ ಇಣುಕಿ ನೋಡಿ, ಮೂರನೆಯ ವಾರ ಇಳಿದು ಬಂದು, ಆ ಕಳ್ಳಿ ಕೋಟೆಯೊಳಗೆ ಹೋದಳಾ ಎಂದು ಕೇಳಿದ. ನಾಲ್ಕು ವಾರ ಸಾಗಿತು ಹೀಗೆ. ರಸ್ತೆಯಾಚೆ ಗ್ರಂಥಾಲಯದ ಬಾಗಿಲಿಗೆ ಬೀಗ. ಸಭೆ ಒಂದು ದಿನವೂ ನಡೆಯಲಿಲ್ಲ. ನಾವು ಅದನ್ನು ಎದುರಿಗೇ ಕೂತು ನೋಡಿದೆವು. ಅವರೂ ನಮ್ಮನ್ನು ನೋಡಲಿ ಎಂದೇ ಅಲ್ಲಿ ಕೂತದ್ದು.

ಇದರಿಂದ ನನಗೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ವರ್ಷ ಮುಗಿದ ಮೇಲೆ ನನ್ನನ್ನು ಅಲ್ಲಿ ಮುಂದುವರಿಸಲಿಲ್ಲ. ಹಳೆಯ ಮೇಲ್ವಿಚಾರಕರು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರೂ ಬೇರೆಯವರನ್ನು ಹಾಕಿಕೊಂಡರು. ಏಳು ತಿಂಗಳು ಮನೆಯಲ್ಲಿ ಕೂತೆ. ನಿನಗೆ ಯಾಕೆ ಬೇಕಿತ್ತು ಎಂದು ಮನೆಯವರು ಕೇಳಿದರು. ಬೇಕಿತ್ತು ಎಂದೆ. ಗುಲಾಬಕ್ಕ ಈಗಲೂ ಫೋನು ಮಾಡುತ್ತಾರೆ. ಅಶ್ವಿನಿ ಕೊಪ್ಪದಲ್ಲಿ ಓದುತ್ತಿದ್ದಾಳೆ, ಶನಿವಾರ ಊರಿಗೆ ಬಂದು ಅದೇ ಮೇಜಿನಲ್ಲಿ ಹನ್ನೊಂದು ಜನಕ್ಕೆ ಆಟ ನಡೆಸುತ್ತಾಳೆ. ಮೇಜು ಅವರಿಗೆ ವಾಪಸು ಸಿಕ್ಕಿದ್ದು ಆ ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ.

ವರ್ಷಕ್ಕೊಮ್ಮೆ ಪಂಚಾಯಿತಿಯವರು ಶಾಲೆಯ ಮಕ್ಕಳನ್ನೆಲ್ಲ ಸಭಾಭವನದಲ್ಲಿ ಕೂರಿಸಿ ಬೇಡಿಕೆ ಕೇಳುವ ಸಭೆ ಅದು. ಸಾಮಾನ್ಯವಾಗಿ ಮೇಷ್ಟ್ರು ಬರೆದುಕೊಟ್ಟದ್ದನ್ನು ಮಕ್ಕಳು ಓದುತ್ತಾರೆ: ಆಟದ ಮೈದಾನ, ಕುಡಿಯುವ ನೀರು, ಕಾಂಪೌಂಡು. ವೇದಿಕೆಯ ಮೇಲೆ ಅಧ್ಯಕ್ಷರು, ನಾಗೇಶಣ್ಣ, ಇತರ ಸದಸ್ಯರು. ಪಿಡಿಒ ಸಾಹೇಬರು ನಡಾವಳಿ ಪುಸ್ತಕ ಬಿಡಿಸಿ ಕೂತಿದ್ದರು. ನಾನೂ ಗುಲಾಬಕ್ಕನೂ ಹಿಂದೆ ಗೋಡೆಗೆ ಒರಗಿ ನಿಂತಿದ್ದೆವು. ಒಂಬತ್ತನೆಯ ತರಗತಿಯ ಸರದಿ ಬಂದಾಗ ಅಶ್ವಿನಿ ಎದ್ದಳು. ಅವಳ ಕೈಯಲ್ಲಿ ಚೀಟಿ ಇರಲಿಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಗ್ರಂಥಾಲಯ ತೆರೆದಿರಬೇಕು, ಯಾವ ಕೇರಿಯ ಮಕ್ಕಳಾದರೂ ಬಂದು ಒಂದೇ ಮೇಜಿನಲ್ಲಿ ಕೂತು ಓದಬಹುದು, ಆಡಬಹುದು ಎಂದು ನಿರ್ಣಯ ಆಗಬೇಕು ಎಂದಳು. ಮೈಕು ಕೈಯಲ್ಲಿ ಹಿಡಿದು ಅವಳು ಮಾತಾಡಿದ್ದು ಅದೇ ಮೊದಲು.

ಪಿಡಿಒ ಪೆನ್ನು ಎತ್ತಿ, ಬೇಡಿಕೆಗೆ ಇನ್ನೊಬ್ಬರ ಅನುಮೋದನೆ ಬೇಕು, ಯಾರಾದರೂ ಇದ್ದೀರಾ ಎಂದು ಕೇಳಿದರು. ಕಾಲೋನಿಯ ಇಬ್ಬರು ಹುಡುಗಿಯರು ಎದ್ದರು. ನಾಗೇಶಣ್ಣ ನಕ್ಕು, ಒಂದೇ ಕೇರಿಯವರು ಹೇಳಿ ಅದೇ ಕೇರಿಯವರು ಅನುಮೋದಿಸಿದರೆ ಅದು ಊರಿನ ಬೇಡಿಕೆ ಆಗುತ್ತದಾ, ಮುಂದಿನದನ್ನು ತೆಗೆದುಕೊಳ್ಳಿ ಎಂದರು. ಪಿಡಿಒ ಪೆನ್ನು ಕೆಳಗಿಟ್ಟರು.

ಆಗ ನಡುವಿನ ಸಾಲಿನಲ್ಲಿ ಸಿಂಚನಾ ಎದ್ದಳು. ತಾನು ಅನುಮೋದಿಸುತ್ತೇನೆ ಎಂದಳು. ಮೈಕು ಅವಳ ಹತ್ತಿರ ಇರಲಿಲ್ಲ, ಆದರೂ ಹಿಂದಿನ ಗೋಡೆಯವರೆಗೆ ಕೇಳಿಸಿತು. ಗುಲಾಬಕ್ಕ ನನ್ನ ಕೈ ಹಿಡಿದರು. ನಾಗೇಶಣ್ಣನ ಮುಖದ ನಗು ಹಾಗೇ ಇತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ. ಇಡೀ ಸಭೆ ಅವರಿಬ್ಬರನ್ನು ನೋಡುತ್ತಿತ್ತು.

"ನಿಂಗೆ ಗೊತ್ತಾಗಲ್ಲ ಪುಟ್ಟಿ," ಎಂದರು ಅವರು. "ಕೂತ್ಕೋ."

"ಸರ್ ಬರ್ಕೊಳ್ಳಲಿ ಚಿಕ್ಕಪ್ಪ," ಎಂದಳು ಸಿಂಚನಾ. "ನನ್ನ ಹೆಸರೂ ಬರ್ಕೊಳ್ಳಲಿ. ಆಮೇಲೆ ಕೂರ್ತೀನಿ."

ಪಿಡಿಒ ಒಮ್ಮೆ ನಾಗೇಶಣ್ಣನನ್ನು ನೋಡಿದರು, ಒಮ್ಮೆ ನಿಂತ ಹುಡುಗಿಯನ್ನು. ಆಮೇಲೆ ತಲೆ ಬಗ್ಗಿಸಿ ಬರೆಯತೊಡಗಿದರು. ಅವರ ಪೆನ್ನು ನಿಲ್ಲುವವರೆಗೂ ಅವಳು ನಿಂತೇ ಇದ್ದಳು.